ಹಳೆಯ ಕಾರಿನ ಟೈಮಿಂಗ್ ಬೆಲ್ಟು: ಬದಲಿಸುವ ಕಾಲವನ್ನು ಅರಿಯುವ ಬಗೆ

ಯಂತ್ರದ ಭಾಗಗಳಲ್ಲಿ ಎರಡು ಬಗೆಯುಂಟು. ಸವೆಯುತ್ತ ಬಂದಂತೆ ಸದ್ದಿನಿಂದಲೋ ನಡುಕದಿಂದಲೋ ತಮ್ಮ ಸ್ಥಿತಿಯನ್ನು ಒಡೆಯನಿಗೆ ತಿಳಿಸುವವು ಒಂದು ಬಗೆಯವು. ಬ್ರೇಕು ಸವೆದರೆ ಕಿರುಗುಟ್ಟುತ್ತದೆ. ಟೈರು ಸವೆದರೆ ಅದರ ಗೆರೆಗಳು ಮಾಸಿ ನುಣ್ಣಗಾಗುತ್ತವೆ. ಬ್ಯಾಟರಿ ಬಲಗುಂದಿದರೆ ಬೆಳಗಿನ ಹೊತ್ತು ಎಂಜಿನು ಚಾಲೂ ಆಗಲು ತಡಮಾಡುತ್ತದೆ. ಇನ್ನೊಂದು ಬಗೆಯ ಭಾಗಗಳು ಕೊನೆಯ ಕ್ಷಣದವರೆಗೂ ಚೆನ್ನಾಗಿಯೇ ದುಡಿದು, ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ಕೈಬಿಡುತ್ತವೆ. ಟೈಮಿಂಗ್ ಬೆಲ್ಟು ಎಂಬ ಹಲ್ಲಿನ ಪಟ್ಟಿಯು ಈ ಎರಡನೆಯ ಬಗೆಗೆ ಸೇರಿದುದು. ಮೊದಲನೆಯ ಬಗೆಯ ಭಾಗವನ್ನು ಕಣ್ಣು ಕಿವಿಗಳಿಂದ ಕಾಯಬಹುದು. ಎರಡನೆಯದನ್ನು ಲೆಕ್ಕದಿಂದಲೇ ಕಾಯಬೇಕು. ಈ ಪಾಠದ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಕಾರಿನ ವಿಚಾರವು ಶಾಲೆಯ ಮಕ್ಕಳಿಗೇಕೆ ಎಂದು ಯಾರಾದರೂ ಕೇಳಿಯಾರು. ಮುಂಬಯಿಯಂಥ ನಗರದಲ್ಲಿ ನೆಲಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವರಿಗೆ ಹೊಸ ಕಾರು ಕೈಗೆಟುಕದು. ಅನೇಕ ವರ್ಷಗಳ ಉಳಿತಾಯವನ್ನು ಕೂಡಿಸಿ, ಇನ್ನೊಬ್ಬರು ಓಡಿಸಿ ಮಾರಿದ ಕಾರನ್ನು ಅವರು ಕೊಳ್ಳುವರು. ಕೆಲವರಿಗೆ ಅದೇ ಜೀವನೋಪಾಯ. ಕೆಲವರಿಗೆ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ಸಾಧನ. ಕಾರಿನ ಕೈಪಿಡಿಯು ಇಂಗ್ಲಿಷಿನಲ್ಲಿರುತ್ತದೆ. ಗ್ಯಾರೇಜಿನ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯುತ್ತದೆ. ಆ ಕೈಪಿಡಿಯನ್ನು ಓದಿ ಅರ್ಥವನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಎಷ್ಟೋ ಮನೆಗಳಲ್ಲಿ ನೀವೇ ಅಲ್ಲವೆ? ಆದುದರಿಂದ ಈ ವಿಷಯವನ್ನು ನಾವು ನಿಮಗಾಗಿಯೇ ಇಲ್ಲಿ ವಿವರಿಸಲು ತೊಡಗಿದ್ದೇವೆ.

ಎಂಜಿನಿನೊಳಗಿನ ತಾಳ

ಬೆಲ್ಟಿನ ಕೆಲಸವನ್ನು ತಿಳಿಯಬೇಕಾದರೆ ಮೊದಲು ಎಂಜಿನಿನ ಒಳಗನ್ನು ತಿಳಿಯಬೇಕು. ಜರ್ಮನಿಯ ನಿಕೊಲಾಸ್ ಓಟೋ ಎಂಬವನು 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನನ್ನು ಯಶಸ್ವಿಯಾಗಿ ನಿರ್ಮಿಸಿದನು. ಇಂದಿನ ಪೆಟ್ರೋಲ್ ಕಾರುಗಳಲ್ಲಿ ನಡೆಯುವುದೂ ಅದೇ ಕ್ರಮ. ಸಿಲಿಂಡರು ಎಂಬ ಲೋಹದ ಕೊಳವೆಯೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಮೊದಲನೆಯ ಹೊಡೆತದಲ್ಲಿ ಅದು ಕೆಳಗಿಳಿಯುವಾಗ ಒಳಕವಾಟ ತೆರೆದು ಗಾಳಿಯೂ ಪೆಟ್ರೋಲೂ ಒಳಬರುತ್ತವೆ. ಎರಡನೆಯದರಲ್ಲಿ ಪಿಸ್ಟನ್ನು ಮೇಲೇರಿ ಆ ಮಿಶ್ರಣವನ್ನು ಒತ್ತುತ್ತದೆ. ಆಗ ಕವಾಟಗಳೆರಡೂ ಮುಚ್ಚಿರಬೇಕು. ಮೂರನೆಯದರಲ್ಲಿ ಕಿಡಿ ತಾಗಿ ಮಿಶ್ರಣವು ಉರಿದು ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ನೂಕುತ್ತದೆ. ನಾಲ್ಕನೆಯದರಲ್ಲಿ ಪಿಸ್ಟನ್ನು ಮತ್ತೆ ಮೇಲೇರುವಾಗ ಹೊರಕವಾಟ ತೆರೆದು ಸುಟ್ಟ ಹೊಗೆಯು ಹೊರಗೆ ಹೋಗುತ್ತದೆ.

ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ದಂಡಕ್ಕೆ ಕ್ರ್ಯಾಂಕ್ ದಂಡವೆಂದು ಹೆಸರು; ಕವಾಟಗಳನ್ನು ಒತ್ತಿ ತೆರೆಯುವ ಉಬ್ಬುಗಳುಳ್ಳ ದಂಡಕ್ಕೆ ಕ್ಯಾಮ್ ದಂಡವೆಂದು ಹೆಸರು. ನಾಲ್ಕು ಹೊಡೆತಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ದಂಡವು ಎರಡು ಸುತ್ತು ಸುತ್ತಿರುತ್ತದೆ. ಆದರೆ ಪ್ರತಿಯೊಂದು ಕವಾಟವೂ ಅಷ್ಟರಲ್ಲಿ ಒಂದೇ ಸಲ ತೆರೆಯಬೇಕು. ಹೀಗಿರಲು ಕ್ಯಾಮ್ ದಂಡವು ಒಂದೇ ಸುತ್ತು ತಿರುಗಬೇಕೆಂಬುದು ಸ್ಪಷ್ಟ. ಇದಕ್ಕಾಗಿಯೇ ಕ್ಯಾಮಿನ ಹಲ್ಲುಗಾಲಿಗೆ ಕ್ರ್ಯಾಂಕಿನ ಹಲ್ಲುಗಾಲಿಗಿಂತ ಎರಡರಷ್ಟು ಹಲ್ಲುಗಳಿರುತ್ತವೆ.

ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆಯೆನ್ನಿ. ಆಗ ಕ್ರ್ಯಾಂಕ್ ದಂಡವು ಸೆಕೆಂಡಿಗೆ 50 ಸುತ್ತು, ಕ್ಯಾಮ್ ದಂಡವು 25 ಸುತ್ತು ತಿರುಗುತ್ತವೆ. ಎಂದರೆ ಒಂದೊಂದು ಕವಾಟವೂ ಒಂದು ಸೆಕೆಂಡಿನಲ್ಲಿ 25 ಸಲ ತೆರೆದು ಮುಚ್ಚಬೇಕು. ಅದೂ ಪಿಸ್ಟನ್ನಿನ ಚಲನೆಗೆ ಸರಿಯಾಗಿ. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಚೆಂಡೆಯ ಪೆಟ್ಟೂ ವೇಷಧಾರಿಯ ಹೆಜ್ಜೆಯೂ ಹೊಂದಿ ನಡೆಯುವುದನ್ನು ನೀವು ಕಂಡಿರುವಿರಿ. ಎಂಜಿನಿನಲ್ಲಿ ಆ ತಾಳವನ್ನು ಹಿಡಿದು ನಡೆಸುವುದು ಈ ಎರಡು ದಂಡಗಳನ್ನು ಕೂಡಿಸುವ ಸಾಧನ. ಕೆಲವು ಎಂಜಿನುಗಳಲ್ಲಿ ಅದು ಉಕ್ಕಿನ ಸರಪಳಿ. ಕೆಲವುಗಳಲ್ಲಿ ರಬ್ಬರಿನ ಹಲ್ಲುಪಟ್ಟಿ. ಈ ಹಲ್ಲುಪಟ್ಟಿಯೇ ಟೈಮಿಂಗ್ ಬೆಲ್ಟು.

ಸರಪಳಿಯಿಂದ ಬೆಲ್ಟಿಗೆ

ಹಿಂದಿನ ಕಾರುಗಳಲ್ಲಿ ಬಹುಮಟ್ಟಿಗೆ ಸರಪಳಿಯೋ ಹಲ್ಲುಗಾಲಿಗಳೋ ಇದ್ದುವು. ಮುಂಬಯಿಯ ಬೀದಿಗಳಲ್ಲಿ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯಾಗಿ ದೀರ್ಘಕಾಲ ಓಡಿ, 2023ರ ಅಕ್ಟೋಬರಿನಲ್ಲಿ ಆ ಸೇವೆಯಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಎಂಜಿನಿನಲ್ಲಿ ಇದ್ದುದು ಸರಪಳಿಯೇ. ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ಈ ಕೆಲಸಕ್ಕೆ ಹಲ್ಲುಪಟ್ಟಿಯನ್ನು ಮೊದಲು ಬಳಸಿದುದು 1962ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಗ್ಲಾಸ್ 1004. ನಮ್ಮ ದೇಶದಲ್ಲಿ ಅದನ್ನು ಮನೆಮನೆಗೆ ತಂದುದು 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಎಂದರೆ ತಪ್ಪಾಗದು. ಹೀಗಾಗಿ ಪದ್ಮಿನಿಯ ಕಾಲದ ಚಾಲಕರಿಗೆ ಈ ಬೆಲ್ಟಿನ ಚಿಂತೆಯೇ ಇರಲಿಲ್ಲ. ಅವರ ಅನುಭವದ ಮಾತನ್ನು ಇಂದಿನ ಎಲ್ಲ ಕಾರುಗಳಿಗೂ ಅನ್ವಯಿಸುವುದು ಸರಿಯಲ್ಲ.

ಬೆಲ್ಟು ಹಗುರವಾದುದು, ಸದ್ದಿಲ್ಲದುದು, ಅಗ್ಗವಾದುದು. ಬಹುಪಾಲು ಎಂಜಿನುಗಳಲ್ಲಿ ಅದಕ್ಕೆ ಎಣ್ಣೆಯೂ ಬೇಡ. ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಿಯು ಭಾರ ಹೆಚ್ಚಿದಾಗ ಜಾರುವುದುಂಟು. ಹಲ್ಲುಗಳಿರುವುದರಿಂದ ಇದು ಹಾಗೆ ಜಾರದು. ಇದರ ಮೈ ರಬ್ಬರಿನದು. ಎಳೆತವನ್ನು ತಾಳುವುದಕ್ಕಾಗಿ ಒಳಗೆ ಗಾಜಿನ ಎಳೆಗಳ ಹುರಿಗಳನ್ನು ಹುದುಗಿಸಿರುತ್ತಾರೆ. ಹಲ್ಲುಗಳು ಸವೆಯದಂತೆ ಮೇಲೆ ನೈಲಾನಿನ ಬಟ್ಟೆಯನ್ನು ಹೊದಿಸಿರುತ್ತಾರೆ. ಎಷ್ಟು ಗಟ್ಟಿಯಾದರೂ ಇದು ರಬ್ಬರು ತಾನೆ? ಎಂಜಿನಿನ ಬಿಸಿ, ಎಡೆಬಿಡದ ಬಾಗುವಿಕೆ, ಸೋರಿದ ಎಣ್ಣೆ, ಕಾಲ—ಈ ನಾಲ್ಕೂ ಅದನ್ನು ದುರ್ಬಲಗೊಳಿಸುತ್ತವೆ.

ಬೆಲ್ಟು ಹರಿದಾಗ ಆಗುವುದೇನು?

ಬೆಲ್ಟು ಹರಿದೊಡನೆ ಕ್ಯಾಮ್ ದಂಡವು ನಿಲ್ಲುತ್ತದೆ. ಆದರೆ ಕಾರಿನ ವೇಗದಿಂದ ಕ್ರ್ಯಾಂಕ್ ದಂಡವು ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗ ಕೆಲವು ಕವಾಟಗಳು ತೆರೆದ ಸ್ಥಿತಿಯಲ್ಲಿಯೇ ನಿಂತಿರುತ್ತವೆ. ಕೆಲವು ಎಂಜಿನುಗಳಲ್ಲಿ ತೆರೆದ ಕವಾಟಕ್ಕೂ ಮೇಲೇರಿದ ಪಿಸ್ಟನ್ನಿಗೂ ನಡುವೆ ಸಾಕಷ್ಟು ಜಾಗವಿರುತ್ತದೆ. ಅಂಥವುಗಳಲ್ಲಿ ಎಂಜಿನು ನಿಲ್ಲುತ್ತದೆಯೇ ಹೊರತು ಕೆಡುವುದಿಲ್ಲ. ಹೊಸ ಬೆಲ್ಟನ್ನು ತೊಡಿಸಿದರೆ ಮತ್ತೆ ಓಡುತ್ತದೆ. ಇನ್ನು ಕೆಲವುಗಳಲ್ಲಿ ಅಷ್ಟು ಜಾಗವಿರುವುದಿಲ್ಲ. ಪಿಸ್ಟನ್ನು ಬಂದು ಕವಾಟಗಳಿಗೆ ಬಡಿಯುತ್ತದೆ, ಕವಾಟಗಳು ಬಾಗುತ್ತವೆ, ಕೆಲವು ವೇಳೆ ಪಿಸ್ಟನ್ನೂ ಒಡೆಯುತ್ತದೆ. ಡೀಸೆಲ್ ಎಂಜಿನುಗಳಲ್ಲಿ ಗಾಳಿಯನ್ನು ಬಹಳ ಹೆಚ್ಚಾಗಿ ಒತ್ತಬೇಕಾಗಿರುವುದರಿಂದ ಆ ಜಾಗವು ತೀರ ಕಡಮೆ. ಅಲ್ಲಿ ಹಾನಿಯು ಬಹುಶಃ ತಪ್ಪದು.

ಹೀಗೆ ಕೆಟ್ಟ ಎಂಜಿನಿನ ಮೇಲ್ಭಾಗವನ್ನೆಲ್ಲ ಬಿಚ್ಚಬೇಕಾಗುತ್ತದೆ. ಅದರ ವೆಚ್ಚವು ಬೆಲ್ಟು ಬದಲಿಸುವ ವೆಚ್ಚದ ಹಲವು ಪಟ್ಟು. ಕಾರು ತೀರ ಹಳೆಯದಾಗಿದ್ದರೆ ದುರಸ್ತಿಯ ವೆಚ್ಚವು ಕಾರಿನ ಬೆಲೆಯನ್ನೇ ಮೀರಬಹುದು. ಆಗ ಕುಟುಂಬದ ಉಳಿತಾಯವೆಲ್ಲ ಒಂದು ಪಟ್ಟಿಯೊಡನೆ ಹರಿದುಹೋದಂತೆಯೇ ಸರಿ.

ಹಣದ ಮಾತು ಹಾಗಿರಲಿ. ಊರಿನ ದಾರಿಯಲ್ಲಿ ಕಶೇಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿಗಳು ಬರುತ್ತಿರುವಾಗ, ಎಂಜಿನು ನಿಂತಿತೆನ್ನಿ. ಎಂಜಿನು ನಿಂತರೆ ಬ್ರೇಕಿಗೆ ಅದು ಕೊಡುವ ನೆರವೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಗಟ್ಟಿಯಾಗುತ್ತದೆ. ಎಂಜಿನಿನ ಬಲದಿಂದಲೇ ಹಗುರವಾಗುವ ಸ್ಟೀರಿಂಗು ಇದ್ದರೆ ಅದೂ ಭಾರವಾಗುತ್ತದೆ. ಇಂಥ ಸಮಯದಲ್ಲಿ ಹೆದರದೆ, ಪೆಡಲನ್ನು ಮತ್ತೆ ಮತ್ತೆ ಬಿಡದೆ ಬಲವಾಗಿ ಒತ್ತಿ, ಕಾರನ್ನು ರಸ್ತೆಯ ಅಂಚಿಗೆ ತರಬೇಕು. ಬಳಿಕ ಎಂಜಿನನ್ನು ಪುನಃ ಚಾಲೂ ಮಾಡಲು ಯತ್ನಿಸಲೇಬಾರದು. ಗೇರು ಹಾಕಿ ನೂಕಿಸಲೂಬಾರದು. ಒಂದೊಂದು ಸುತ್ತಿಗೂ ಕವಾಟಗಳಿಗೆ ಇನ್ನಷ್ಟು ಪೆಟ್ಟು ಬೀಳಬಹುದು.

ಕಿಲೋಮೀಟರೂ ವರ್ಷವೂ

ಬೆಲ್ಟನ್ನು ಯಾವಾಗ ಬದಲಿಸಬೇಕು? ಇದಕ್ಕೆ ಎಲ್ಲ ಕಾರುಗಳಿಗೂ ಒಪ್ಪುವ ಒಂದೇ ಸಂಖ್ಯೆಯಿಲ್ಲ. ಹಳೆಯ ಕಾರುಗಳಲ್ಲಿ ತಯಾರಕರು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನವರೆಗಿನ ಒಂದು ಮಿತಿಯನ್ನು ಹೇಳಿರುತ್ತಾರೆ; ಕೆಲವು ಎಂಜಿನುಗಳಿಗೆ ಅದಕ್ಕಿಂತ ಹೆಚ್ಚೂ ಇರುವುದುಂಟು. ಜೊತೆಗೆ ವರ್ಷಗಳ ಮಿತಿಯೂ ಇರುತ್ತದೆ. ಅದು ಬಹುಮಟ್ಟಿಗೆ 5ರಿಂದ 10 ವರ್ಷಗಳು. ನಿಮ್ಮ ಕಾರಿನ ಮಿತಿಯನ್ನು ಅದರ ಕೈಪಿಡಿಯಲ್ಲಿಯೇ ನೋಡಬೇಕು. ಈ ಎರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಬದಲಿಸುವ ಕಾಲ. ‘ಕಾರು ಹೆಚ್ಚು ಓಡಿಯೇ ಇಲ್ಲ’ ಎಂಬುದು ಸಮಾಧಾನದ ಮಾತಲ್ಲ. ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ.

ನಗರದಲ್ಲಿ ವಾಸಿಸುವ ನಾವು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಸಿಗ್ನಲಿನಲ್ಲಿ ಕಾರು ನಿಂತಾಗ ಕಿಲೋಮೀಟರಿನ ಮೀಟರು ತಿರುಗುವುದಿಲ್ಲ. ಆದರೆ ಎಂಜಿನು ಓಡುತ್ತಿರುವವರೆಗೆ ಬೆಲ್ಟು ತಿರುಗುತ್ತಲೇ ಇರುತ್ತದೆ. ನಿಂತ ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುವುದೆಂದು ಹಿಡಿದರೆ ಅರ್ಧ ಗಂಟೆಗೆ 24,000 ಸುತ್ತುಗಳಾದುವು. ವರ್ಷಕ್ಕೆ 300 ದಿನಗಳಂತೆ ಅದು 72,00,000 ಸುತ್ತು. ಓಡುವಾಗ ಒಂದು ಕಿಲೋಮೀಟರಿಗೆ ಸುಮಾರು 3,000 ಸುತ್ತೆಂದು ಹಿಡಿದು ಭಾಗಿಸಿದರೆ 2,400 ಕಿಲೋಮೀಟರು ಬಂದಿತು. ಮೀಟರಿನಲ್ಲಿ ಕಾಣದ ಇಷ್ಟು ಓಟವು ಪ್ರತಿವರ್ಷವೂ ಬೆಲ್ಟಿನ ಮೇಲೆ ಬೀಳುತ್ತದೆ. ತಯಾರಕರು ಸಾಧಾರಣವಾದ ನಿಲುಗಡೆಯನ್ನು ಗಣಿಸಿಯೇ ಮಿತಿಯನ್ನು ಹೇಳಿರುವರು. ಆದರೂ ಅನೇಕ ಕೈಪಿಡಿಗಳಲ್ಲಿ ಧೂಳು, ಬಿಸಿಲು, ಆಗಾಗ ನಿಲ್ಲುವ ಸಂಚಾರಗಳ ಕಠಿಣ ಬಳಕೆಗೆ ಬೇರೆಯೇ ಒಂದು ಪಟ್ಟಿಯಿರುತ್ತದೆ. ನಗರದ ಕಾರಿಗೆ ಆ ಪಟ್ಟಿಯನ್ನೇ ಓದಬೇಕು.

ಕಾಗದವಿಲ್ಲದ ಕಾರು

ಇನ್ನೊಬ್ಬರಿಂದ ಕೊಂಡ ಕಾರಿನಲ್ಲಿ ತೊಡಕು ಇಲ್ಲಿಯೇ ಇದೆ. ಹಿಂದಿನ ಒಡೆಯನು ಬೆಲ್ಟನ್ನು ಬದಲಿಸಿದ್ದನೋ ಇಲ್ಲವೋ? ಮಾರುವವರು ‘ಎಲ್ಲ ಮಾಡಿಸಿದೆ’ ಎಂದು ಬಾಯಿಮಾತಿನಲ್ಲಿ ಹೇಳುವುದುಂಟು. ಅವರು ಸುಳ್ಳನ್ನೇ ಹೇಳುವರೆಂದು ನಾವು ಹೇಳುವುದಿಲ್ಲ. ಎಂಜಿನಿನ ಹೊರಗೆ ಕಾಣುವ, ಡೈನಮೊವನ್ನು ತಿರುಗಿಸುವ ಬೇರೊಂದು ಬೆಲ್ಟನ್ನು ಬದಲಿಸಿ, ಅದನ್ನೇ ಇದೆಂದು ಎಣಿಸಿರಲೂಬಹುದು. ಟೈಮಿಂಗ್ ಬೆಲ್ಟು ಇರುವುದು ಮುಚ್ಚಳದ ಹಿಂದೆ. ಮುಚ್ಚಳ ತೆಗೆದು ನೋಡಿದರೂ ನಿಶ್ಚಯವಾಗದು. ಹಿಂದಿನ ಕಾಲದ ಬೆಲ್ಟುಗಳಲ್ಲಿ ವಯಸ್ಸಾದಂತೆ ಬಿರುಕುಗಳು ಕಾಣುತ್ತಿದ್ದುವು. ಈಚಿನ ರಬ್ಬರಿನಲ್ಲಿ ಒಳಗಿನ ಹುರಿಗಳು ಬಲಗುಂದಿದ ಮೇಲೂ ಮೈ ಚೆನ್ನಾಗಿಯೇ ಕಾಣಬಹುದು. ಬಿರುಕು, ಸವೆದ ಹಲ್ಲು, ಎಣ್ಣೆಯ ಕಲೆ ಕಂಡರೆ ಬೆಲ್ಟು ಕೆಟ್ಟಿದೆಯೆಂಬುದು ನಿಜ. ಆದರೆ ಅವು ಕಾಣಲಿಲ್ಲವೆಂದ ಮಾತ್ರಕ್ಕೆ ಒಳ್ಳೆಯದಿದೆಯೆಂದು ತಿಳಿಯಲಾಗದು.

ಆದುದರಿಂದ ಕೇಳಬೇಕಾದುದು ಕಾಗದವನ್ನು. ಸರ್ವಿಸ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರು, ಗ್ಯಾರೇಜಿನ ಮುದ್ರೆ ಇವೆಯೇ? ಬಿಲ್ಲಿನಲ್ಲಿ ಬೆಲ್ಟಿನ ಹೆಸರಿದೆಯೇ? ಮುಚ್ಚಳದ ಮೇಲೆ ಮೆಕ್ಯಾನಿಕ್ ಅಂಟಿಸಿದ ಚೀಟಿಯಿದೆಯೇ? ಕಾರು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟು ಹಿಂದಿನ ದಾಖಲೆಯನ್ನೂ ವಿಚಾರಿಸಬಹುದು. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ನಿಯಮವು ಸರಳವಾಗಿದೆ: ದಾಖಲೆಯಿಲ್ಲದ ಬೆಲ್ಟನ್ನು ಬದಲಿಸದ ಬೆಲ್ಟೆಂದೇ ಎಣಿಸಬೇಕು, ಕಾರಿನ ವಯಸ್ಸೇ ಬೆಲ್ಟಿನ ವಯಸ್ಸೆಂದು ಹಿಡಿಯಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 2011ರಲ್ಲಿ ತಯಾರಾದ ಕಾರನ್ನು ಒಬ್ಬರು 2024ರಲ್ಲಿ ಕೊಂಡರೆನ್ನಿ. ಮೀಟರಿನಲ್ಲಿ 46,000 ಕಿಲೋಮೀಟರು ಇದೆ, ಕೈಪಿಡಿಯಲ್ಲಿ 1,00,000 ಕಿಲೋಮೀಟರು ಅಥವಾ 7 ವರ್ಷ ಎಂದಿದೆ, ಬಿಲ್ಲುಗಳಿಲ್ಲ. ವರ್ಷಕ್ಕೆ 2,400ರಂತೆ 13 ವರ್ಷಗಳ ಕಾಣದ ಓಟ 31,200 ಆಯಿತು, ಒಟ್ಟು 77,200. ಕಿಲೋಮೀಟರಿನ ಲೆಕ್ಕದಲ್ಲಿ ಇನ್ನೂ ಅವಕಾಶವಿದ್ದಂತೆ ತೋರುತ್ತದೆ. ಆದರೆ ವರ್ಷದ ಮಿತಿಯು 2018ರಲ್ಲಿಯೇ ಮುಗಿದಿದೆ. ಮೇಲಾಗಿ ಹಳೆಯ ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವವರೂ ಇರುವುದರಿಂದ 46,000 ಎಂಬುದನ್ನೂ ಪೂರ್ಣವಾಗಿ ನಂಬಲಾಗದು; ತಯಾರಾದ ವರ್ಷವು ನೋಂದಣಿ ಪತ್ರದಲ್ಲಿಯೇ ಇರುತ್ತದೆ. ಈ ಕಾರಿನ ಬೆಲ್ಟನ್ನು ಊರಿನ ಪ್ರಯಾಣಕ್ಕಿಂತ ಮೊದಲು, ಸೀಟಿನ ಹೊಸ ಹೊದಿಕೆಗಿಂತ ಮೊದಲು, ಬದಲಿಸತಕ್ಕದ್ದು.

ಇದಕ್ಕೂ ಮುಂಚೆ ಆ ಎಂಜಿನಿನಲ್ಲಿರುವುದು ಬೆಲ್ಟೋ ಸರಪಳಿಯೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಕಾರಿನ ಹೆಸರಿನಿಂದಲೇ ಇದು ತಿಳಿಯದು. ಮಾರುತಿ ಆಲ್ಟೊದ 796 ಸಿಸಿ ಎಂಜಿನಿಗೆ ಬೆಲ್ಟು. ಅದೇ ಹೆಸರಿನ ಆಲ್ಟೊ ಕೆ10ಕ್ಕೆ ಸರಪಳಿ. ಹ್ಯುಂಡೈ ಐ10ರಲ್ಲಿ 1.1 ಲೀಟರಿನ ಎಂಜಿನಿಗೆ ಬೆಲ್ಟು, 1.2 ಲೀಟರಿನದಕ್ಕೆ ಸರಪಳಿ. ಸರಪಳಿಗೆ ಸಾಮಾನ್ಯವಾಗಿ ವರ್ಷಗಳ ಮಿತಿಯಿಲ್ಲ. ಆದರೆ ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದೂ ಸವೆದು ಸಡಿಲವಾಗುತ್ತದೆ. ಅದು ಗಡಗಡ ಸದ್ದು ಮಾಡಿ ತಿಳಿಸುವುದು ಹೆಚ್ಚು. ಬೆಲ್ಟಿಗೆ ಆ ದಾಕ್ಷಿಣ್ಯವಿಲ್ಲ.

ಚೆನ್ನಾಗಿ ಓಡುತ್ತಿರುವುದನ್ನು ಬದಲಿಸುವುದೇಕೆ?

ದುಡ್ಡಿನ ಬೆಲೆ ಅರಿತ ಹಿರಿಯರು ಈ ಪ್ರಶ್ನೆಯನ್ನು ಕೇಳಿಯೇ ಕೇಳುವರು. ಪ್ರಶ್ನೆಯು ನ್ಯಾಯವಾದುದು. ಬಿಚ್ಚಿ ಎಸೆದ ಬೆಲ್ಟು ಇನ್ನೂ ಒಂದು ವರ್ಷ ಬಾಳುತ್ತಿತ್ತೋ ಏನೋ. ಆದರೆ ಬೆಲ್ಟಿನ ವೆಚ್ಚವು ಮೊದಲೇ ತಿಳಿದಿರುವಂಥದು. ದಿನವನ್ನು ನಾವೇ ಗೊತ್ತುಪಡಿಸಿ ಹಣವನ್ನು ಕೂಡಿಸಬಹುದು. ಹರಿದ ಬೆಲ್ಟಿನ ವೆಚ್ಚವು ಎಷ್ಟೆಂದು ತಿಳಿಯದು. ಅದು ಬರುವ ದಿನವನ್ನೂ ನಾವು ಆರಿಸುವಂತಿಲ್ಲ. ನಾಳೆಯೇ ಗುಜರಿಗೆ ಹೋಗಲಿರುವ ಕಾರಾದರೆ, ಬೆಲ್ಟು ಹರಿದರೂ ಕವಾಟ ಬಾಗದಂಥ ಎಂಜಿನಾದರೆ, ಬದಲಿಸದೆ ಇರುವುದಕ್ಕೂ ಅರ್ಥವುಂಟು. ಮಕ್ಕಳು ಮುದುಕರನ್ನು ಕೂರಿಸಿಕೊಂಡು ಘಾಟಿ ಏರಬೇಕಾದ ಕಾರಿಗೆ ಆ ವಾದವು ಸಲ್ಲದು.

ಕೆಲಸವನ್ನು ಮಾಡಿಸುವಾಗ ಬೆಲ್ಟೊಂದನ್ನೇ ಬದಲಿಸುವುದು ಜಾಣತನವಲ್ಲ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರು, ದಾರಿ ತೋರುವ ರಾಟೆ, ಕೆಲವು ಎಂಜಿನುಗಳಲ್ಲಿ ಇದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪು—ಇವುಗಳಲ್ಲಿ ಒಂದು ಸಿಕ್ಕಿಕೊಂಡರೂ ಹೊಸ ಬೆಲ್ಟು ಹರಿಯುತ್ತದೆ. ಬಿಚ್ಚುವ ಕೂಲಿಯೇ ಹೆಚ್ಚಾದುದರಿಂದ ಎಲ್ಲವನ್ನೂ ಒಂದೇ ಸಲ ನೋಡಿಸುವುದು ಲಾಭಕರ. ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಹೊಸ ಬೆಲ್ಟನ್ನು ಮಡಿಸಬಾರದು, ತಿರುಚಬಾರದು. ಒಳಗಿನ ಹುರಿ ಮುರಿಯುತ್ತದೆ. ತೊಡಿಸಿದ ಮೇಲೆ ಎಂಜಿನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಪುನಃ ಕೂಡುವುವೇ ಎಂದು ನೋಡುವುದು ಒಳ್ಳೆಯ ಮೆಕ್ಯಾನಿಕಿನ ಪದ್ಧತಿ. ಎರಡೇ ಸುತ್ತೇಕೆ ಎಂಬುದನ್ನು ಈ ಪಾಠವನ್ನು ಓದಿದ ನೀವು ಹೇಳಬಲ್ಲಿರಿ.

ಕೊನೆಯದಾಗಿ, ಬೆಲ್ಟು ಬದಲಿಸಿದ ದಿನ ಸರ್ವಿಸ್ ಪುಸ್ತಕದಲ್ಲಿ ದಿನಾಂಕವನ್ನೂ ಕಿಲೋಮೀಟರನ್ನೂ ನಿಮ್ಮ ಅಕ್ಷರದಲ್ಲಿ ಬರೆದು, ಬಿಲ್ಲನ್ನು ಅಲ್ಲಿಯೇ ಇಡಿರಿ. ಆ ಕಾರು ಮುಂದೆ ಇನ್ನೊಬ್ಬರ ಮನೆಗೆ ಹೋದಾಗ, ನಿಮಗೆ ಸಿಗದೆ ಇದ್ದ ಕಾಗದವು ಅವರಿಗೆ ಸಿಕ್ಕಂತಾಗುವುದು.

ಅಭ್ಯಾಸ

1. ಎಂಜಿನು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿರುವಾಗ ಒಂದು ಕವಾಟವು ಸೆಕೆಂಡಿಗೆ ಎಷ್ಟು ಸಲ ತೆರೆಯುವುದು?

2. ನಿಂತ ಎಂಜಿನು ನಿಮಿಷಕ್ಕೆ 750 ಸುತ್ತು ತಿರುಗುತ್ತದೆ. ದಿನಕ್ಕೆ 40 ನಿಮಿಷದಂತೆ 300 ದಿನಗಳಲ್ಲಿ ಮೀಟರಿಗೆ ಕಾಣದ ಓಟವು ಎಷ್ಟು ಕಿಲೋಮೀಟರು? ಕಿಲೋಮೀಟರಿಗೆ 3,000 ಸುತ್ತೆಂದು ಹಿಡಿಯಿರಿ.

3. ನಿಮ್ಮ ಮನೆಯ ಅಥವಾ ನೆರೆಯವರ ಕಾರಿನ ಕೈಪಿಡಿಯನ್ನು ಓದಿ, ಅದರಲ್ಲಿ ಬೆಲ್ಟಿದೆಯೋ ಸರಪಳಿಯಿದೆಯೋ, ಬದಲಿಸುವ ಮಿತಿಯೇನು ಎಂಬುದನ್ನು ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ಬರೆದು ಕಾರಿನ ಒಡೆಯರಿಗೆ ಕೊಡಿರಿ.